ಅಕ್ಕಾರು ಕೊಟ್ಟ ಮಾತು

ಮೂರನೇ ಕೋಣೆಯ ಬಾಗಿಲನ್ನು ಬೆರಳಿನಿಂದ ಎರಡು ಸಲ ಬಡಿಯದೆ ನಮ್ಮ ಹಿರಿಯ ನರ್ಸ್ ಅಕ್ಕಾರು ಒಳಗೆ ಹೋದದ್ದನ್ನು ನಾನು ನೋಡಿಲ್ಲ. ಒಳಗಿದ್ದವರು ಯಾರೂ ‘ಬರ್ರಿ’ ಎನ್ನುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ. ಚಿಕ್ಕೋಡಿಯ ನಮ್ಮ ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಅದು ಪ್ರಜ್ಞೆ ಇಲ್ಲದವರ ಕೋಣೆ. ಗಾಡಿಯಿಂದ ಬಿದ್ದು ತಲೆಗೆ ಪೆಟ್ಟಾದವರು, ಲಕ್ವ ಹೊಡೆದವರು, ಮಿದುಳಿಗೆ ಜ್ವರ ಏರಿದವರು. ಮಿರಜಿನ ದೊಡ್ಡ ಆಸ್ಪತ್ರೆಗೆ ಒಯ್ದು, ಮಾಡಬೇಕಾದದ್ದನ್ನೆಲ್ಲ ಮಾಡಿಸಿ, ಇನ್ನು ಕಾಯುವುದಷ್ಟೇ ಉಳಿಯಿತು ಎಂದಾಗ ಮನೆಯವರು ಅವರನ್ನು ಊರಿಗೆ ಹತ್ತಿರವೆಂದು ನಮ್ಮಲ್ಲಿಗೆ ತರುತ್ತಿದ್ದರು. ಕೆಲವರು ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ ಮಲಗಿರುತ್ತಿದ್ದರು. ಅಕ್ಕಾರು ಬಾಗಿಲು ಬಡಿದು, ಒಂದು ಗಳಿಗೆ ನಿಂತು, ಒಳಗೆ ಹೋಗಿ, “ನಾ ಬಂದೀನ್ರಿ ಕಾಕಾ, ಮಗ್ಗಲಾ ಹೊರಳಸ್ತೀನಿ” ಎಂದು ಹೇಳಿಯೇ ಕೈ ಹಚ್ಚುತ್ತಿದ್ದರು.

ನಾನು ಆ ಆಸ್ಪತ್ರೆಗೆ ಸೇರಿದ್ದು ಎಂಬತ್ತರ ದಶಕದ ನಡುವೆ, ಹುಬ್ಬಳ್ಳಿಯಲ್ಲಿ ಓದು ಮುಗಿಸಿ. ಐಗಳಿಯಂಥ ಸಣ್ಣ ಊರಿನಿಂದ ಹೋಗಿ ಡಾಕ್ಟರಾಗಿ ಬಂದವನಿಗೆ ತಲೆಯ ಮೇಲೆ ಎರಡು ಕೊಂಬು ಇರುತ್ತವೆ. ನನಗೂ ಇದ್ದವು. ಅಕ್ಕಾರು ಬಾಗಿಲು ಬಡಿಯುವುದನ್ನು ಮೊದಲ ಸಲ ನೋಡಿದಾಗ, “ಒಳಗಿಂದ ಯಾರರ ಬಾ ಅಂದ್ರೇನ್ರಿ?” ಎಂದು ಚೇಷ್ಟೆ ಮಾಡಿದ್ದೆ. ಅವರು ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. “ಬ್ಯಾಡಾ ಅಂತೂ ಅಂದಿಲ್ಲಲ್ರಿ” ಎಂದು ಒಳಗೆ ಹೋದರು.

ಅವರಿಗೊಂದು ಹೆಸರಿತ್ತು, ಹಾಜರಿ ಪುಸ್ತಕದಲ್ಲಿ ದಿನಾಲು ನೋಡುತ್ತಿದ್ದೆ. ಆದರೆ ಕಸ ಹೊಡೆಯುವವಳಿಂದ ಹಿಡಿದು ಆಸ್ಪತ್ರೆಯ ಮಾಲೀಕರಾದ ಹಿರಿಯ ಡಾಕ್ಟರರವರೆಗೆ ಎಲ್ಲರಿಗೂ ಅವರು ಅಕ್ಕಾರು. ಇಲ್ಲಿಯೂ ಹಾಗೆಯೇ ಇರಲಿ. ಗಿಡ್ಡ ಆಳು, ದಪ್ಪ ಗಾಜಿನ ಕನ್ನಡಕ, ಎಡಗೈಗೆ ಗಂಡಸರು ಕಟ್ಟುವ ದೊಡ್ಡ ಗಡಿಯಾರ. ಚಹಾ ಕುಡಿಯುವಾಗ ಬಶಿಗೆ ಸುರುವಿಕೊಂಡು, ಆರಿಸಿ, ಒಂದೇ ಗುಟುಕಿಗೆ ಮುಗಿಸಿ ಏಳುತ್ತಿದ್ದರು. ರಾಯಬಾಗದಲ್ಲಿ ತಮ್ಮನ ಮನೆ ಇದೆ ಎನ್ನುವುದನ್ನು ಬಿಟ್ಟರೆ ಅವರ ಸಂಸಾರದ ವಿಷಯ ನನಗೆ ಗೊತ್ತಾಗಲಿಲ್ಲ. ನಾನು ಕೇಳಲೂ ಇಲ್ಲ.

ಆ ಗಡಿಯಾರ ಅವರ ಅರ್ಧ ವಿದ್ಯೆ. ಎರಡು ತಾಸಿಗೊಮ್ಮೆ ರೋಗಿಯನ್ನು ಈ ಮಗ್ಗುಲಿಂದ ಆ ಮಗ್ಗುಲಿಗೆ ಹೊರಳಿಸಬೇಕು. ಹೊರಳಿಸಿದಾಗೆಲ್ಲ ಬೆನ್ನು, ಸೊಂಟ, ಹಿಮ್ಮಡಿ ನೋಡಬೇಕು, ಕೆಂಪಾಗಿದ್ದರೆ ಅಲ್ಲಿ ಭಾರ ಬೀಳದಂತೆ ದಿಂಬು ಕೊಡಬೇಕು. ಮುಚ್ಚದ ಕಣ್ಣಿಗೆ ಹಸಿ ಅರಳೆ, ಒಣಗಿದ ತುಟಿಗೆ ಗ್ಲಿಸರಿನ್. ಬೆರಳುಗಳು ಮುಷ್ಟಿ ಕಟ್ಟಿ ಹಾಗೆಯೇ ಸೆಟೆದು ಹೋಗದಂತೆ ಒಂದೊಂದನ್ನೇ ಬಿಡಿಸಿ ಮಡಿಚಬೇಕು. ಪಾದಗಳು ಕೆಳಗೆ ಜೋತು ಬೀಳದಂತೆ ಅಂಗಾಲಿಗೆ ಮರಳಿನ ಚೀಲ ಆನಿಸಬೇಕು. ಇದೆಲ್ಲ ನನ್ನ ಪುಸ್ತಕದಲ್ಲೂ ಇತ್ತು, ಒಂದೇ ಪುಟದಲ್ಲಿ. ಪರೀಕ್ಷೆಗೆ ಬರುವುದಿಲ್ಲವೆಂದು ನಾನು ಆ ಪುಟ ಹಾರಿಸಿದ್ದೆ. ಅಕ್ಕಾರು ಆ ಒಂದು ಪುಟದ ಮೇಲೆ ಇಡೀ ನೌಕರಿ ಮಾಡಿದರು.

ಅವರ ಉಳಿದರ್ಧ ವಿದ್ಯೆ ಯಾವ ಪುಸ್ತಕದಲ್ಲೂ ಇರಲಿಲ್ಲ. ಹೊಸ ರೋಗಿ ಬಂದರೆ ಮನೆಯವರನ್ನು ಕೂಡಿಸಿಕೊಂಡು ಹೆಣ್ಣು ನೋಡಲು ಬಂದವರ ಹಾಗೆ ಪ್ರಶ್ನೆ ಕೇಳುತ್ತಿದ್ದರು. ಯಾವ ಮಗ್ಗುಲಿಗೆ ಮಲಗುವ ರೂಢಿ? ಮನೆಯಲ್ಲಿ ಏನೆಂದು ಕರೆಯುತ್ತೀರಿ? ಕನ್ನಡವೋ ಮರಾಠಿಯೋ? ಯಾರ ಮಾತು ಕೇಳುತ್ತಾನೆ, ಯಾರನ್ನು ಕಂಡರೆ ಆಗುವುದಿಲ್ಲ? ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಮೂವತ್ತು ವರ್ಷ ದುಡಿದ ಒಬ್ಬ ಮುದುಕನನ್ನು ತಂದಿದ್ದರು. ಅಕ್ಕಾರು ಅವನ ಮಗನಿಗೆ ಹೇಳಿ ವಖಾರಿಯಿಂದ ಒಂದು ಹಿಡಿ ತಂಬಾಕು ತರಿಸಿ, ಬಟ್ಟೆಯಲ್ಲಿ ಕಟ್ಟಿ, ದಿಂಬಿನ ಬದಿಗೆ ಇಟ್ಟರು. ಎರಡು ದಿನ ಇಡೀ ಆಸ್ಪತ್ರೆ ಸೀನಿತು. ಮುದುಕ ಏಳಲಿಲ್ಲ, ಒಂಬತ್ತನೆಯ ದಿನ ತೀರಿಕೊಂಡ. “ನಿಮ್ಮ ಔಷಧ ಹತ್ತಲಿಲ್ಲಲ್ಲ” ಎಂದೆ. “ಔಷಧ ಅಲ್ರಿ ಅದು. ಗುರ್ತು ಇಲ್ಲದ ಜಾಗಾದಾಗ ಬಿದ್ದಿದ್ದ, ಗುರ್ತಿಂದು ಒಂದರ ಇರಲಿ ಅಂತ” ಎಂದರು.

ಆ ಕೋಣೆಯಲ್ಲಿ ಪಿಸುಮಾತಿಗೆ ಅವಕಾಶವಿರಲಿಲ್ಲ. ಮಾತಾಡುವುದಿದ್ದರೆ ರೋಗಿಗೆ ಕೇಳುವಂತೆ, ಅವನಿಗೂ ಸೇರಿಸಿ ಮಾತಾಡಬೇಕು. ಬೋರಗಾಂವದ ಅಣ್ಣತಮ್ಮಂದಿರಿಬ್ಬರು ಅಪ್ಪನ ಹಾಸಿಗೆಯ ಆಚೆ ಈಚೆ ನಿಂತು, ಪಾವರ್‌ಲೂಮುಗಳನ್ನು ಯಾರು ನಡೆಸಬೇಕು ಎಂದು ಶುರು ಮಾಡಿದಾಗ, ಅಕ್ಕಾರು ಇಬ್ಬರನ್ನೂ ರಟ್ಟೆ ಹಿಡಿದು ಅಂಗಳದ ಬೇವಿನ ಗಿಡದ ಕೆಳಗೆ ತಂದು ನಿಲ್ಲಿಸಿದರು. “ಮಾಲಕ ಒಳಗ ಕೇಳಾಕತ್ತಾನ. ಅವನ ಮುಂದ ಅವನ ಮಗ್ಗಾ ಹಂಚತೀರೇನು?” ಎಂದು ಗದರಿದರು. ನನಗೂ ಬಿಡುತ್ತಿರಲಿಲ್ಲ. ಒಮ್ಮೆ ನಾನು ಬಂದವನೇ ರೋಗಿಯ ರೆಪ್ಪೆ ಎತ್ತಿ ಬ್ಯಾಟರಿ ಬೆಳಕು ಬಿಟ್ಟಾಗ, “ನಿಮ್ಮ ಕಣ್ಣಿಗಿ ಯಾರರ ಹಂಗ ಬ್ಯಾಟರಿ ಹಿಡದ್ರ ಸುಮ್ಮನಿರ್ತೀರೇನ್ರಿ?” ಎಂದು ಎಲ್ಲರೆದುರು ಕೇಳಿದರು. ಅಂದಿನಿಂದ ನಾನೂ “ಕಣ್ಣು ನೋಡ್ತೀನ್ರಿ” ಎಂದು ಹೇಳಿ ಬೆಳಕು ಬಿಡಲು ಕಲಿತೆ. ನಂಬಿಕೆಯಿಂದಲ್ಲ, ಅಕ್ಕಾರ ಬಾಯಿಗೆ ಅಂಜಿ.

ಭೋಜದ ಸೊಸೆ ಬಂದದ್ದು ಎಂಬತ್ತರ ದಶಕ ಮುಗಿಯುವ ಹೊತ್ತಿಗೆ, ಮಳೆಗಾಲ ಹಿಡಿಯುವ ಮೊದಲು. ನಿಪ್ಪಾಣಿ ಕಡೆಯ ಭೋಜ ಎಂಬ ಊರಿನ ಜೈನ ಒಕ್ಕಲುತನದ ಮನೆ, ಕಬ್ಬಿನ ಹೊಲ. ಆಕೆಗೆ ಮೂವತ್ತರ ಆಚೀಚೆ. ನಿಪ್ಪಾಣಿಯ ಸಂತೆಯಿಂದ ಗಂಡನ ಲೂನಾದ ಹಿಂದೆ ಕೂತು ಬರುವಾಗ ತೆಗ್ಗು ಹಾರಿಸಿದ ರಭಸಕ್ಕೆ ಹಿಂದಕ್ಕೆ ಬಿದ್ದು ತಲೆಗೆ ಪೆಟ್ಟಾಗಿತ್ತು. ಮಿರಜಿನಲ್ಲಿ ಆಪರೇಷನ್ ಆಗಿ, ಮೂರು ವಾರದ ಮೇಲೆ ನಮ್ಮಲ್ಲಿಗೆ ತಂದರು. ಉಸಿರಾಟ ತನ್ನಷ್ಟಕ್ಕೆ ನಡೆದಿತ್ತು. ಕಣ್ಣು ಮುಚ್ಚಿತ್ತು. ಚಿವುಟಿದರೆ ಎಡಗೈ ಸ್ವಲ್ಪ ಎಳೆದುಕೊಳ್ಳುತ್ತಿದ್ದಳು, ಅಷ್ಟೇ. ಮೂಗಿನಿಂದ ಹೊಟ್ಟೆಗೆ ಇಳಿಸಿದ ಸಣ್ಣ ನಳಿಯಲ್ಲಿ ಹಾಲು, ಗಂಜಿ ಹಾಕಬೇಕಿತ್ತು. ಮೂರು ತಾಸಿಗೊಮ್ಮೆ, ಹಗಲೂ ರಾತ್ರಿ ಎಂದು ನಾನು ಕೇಸ್ ಪೇಪರಿನ ಮೇಲೆ ಬರೆದೆ. ರೂಢಿಯಂತೆ ಹಾಲಿಗೆ ಮೊಟ್ಟೆ ಎಂದೂ ಬರೆದಿದ್ದೆ. ಅಕ್ಕಾರು ಮನೆಯವರ ಕಣ್ಣಿಗೆ ಬೀಳುವ ಮೊದಲೇ ಅದನ್ನು ಹೊಡೆದು ಹಾಕಿ, ಹೆಸರುಬೇಳೆಯ ಕಟ್ಟು ಎಂದು ಬರೆದರು.

ಜೊತೆಗೆ ಉಳಿದವರು ಅತ್ತೆ. ಎಲ್ಲರೂ ಆಯಿ ಎನ್ನುತ್ತಿದ್ದರು. ಬಿಳಿ ಸೀರೆ, ನೆಟ್ಟಗಿನ ಬೆನ್ನು, ಕಡಿಮೆ ಮಾತು. ನಳಿಯಲ್ಲಿ ಹಾಕುವ ನೀರನ್ನು ಬಟ್ಟೆಯಲ್ಲಿ ಸೋಸಿದ್ದಾರೋ ಇಲ್ಲವೋ ಎಂದು ತಾವೇ ನೋಡುತ್ತಿದ್ದರು. ಮೊದಲ ದಿನ ಸಂಜೆ ನನ್ನನ್ನು ತಡೆದರು.

“ಡಾಕ್ಟರ, ನಮ್ಮ ಸೊಸಿ ಮದವಿ ಆಗಿ ಬಂದಾಗಿಂದ ಹೊತ್ತು ಮುಳಗಿದ ಮ್ಯಾಲ ನೀರು ಸೈತ ಮುಟ್ಟಿಲ್ಲ. ಮುನಿಗಳ ಮುಂದ ವ್ರತಾ ತಗೊಂಡಾಳ. ರಾತ್ರಿ ನಳ್ಯಾಗ ಏನೂ ಹಾಕಬ್ಯಾಡ್ರಿ.”

“ಆಯಿ, ಅವರಿಗಿ ಈಗ ಹಗಲ್ಯಾವುದು ರಾತ್ರಿ ಯಾವುದು ಗೊತ್ತಾಗಂಗಿಲ್ಲ. ವ್ರತಾ ಎಚ್ಚರಿದ್ದವರಿಗಿ” ಎಂದೆ.

“ಆಕಿಗಿ ಗೊತ್ತಾಗಂಗಿಲ್ಲ. ನಮಗ ಗೊತ್ತಾಗ್ತೈತೆಲ್ಲ?”

ನಾನು ಮಾತು ಬೆಳೆಸುವ ಮೊದಲೇ ಅಕ್ಕಾರು ನಡುವೆ ಬಂದರು. “ಆಯಿ, ನಾ ಮಾತ ಕೊಡ್ತೀನಿ. ಆಕಿ ಕಣ್ಣ ತೆರಿಯೂತನಕ ಹೊತ್ತು ಮುಳಗಿದ ಮ್ಯಾಲ ಆಕಿ ಹೊಟ್ಟಿಗಿ ಒಂದು ಹನಿ ಹೋಗಂಗಿಲ್ಲ. ಹೊಟ್ಟಿಗಿ ಕಮ್ಮೀನೂ ಬೀಳಂಗಿಲ್ಲ.”

ಹೊರಗೆ ಬಂದ ಮೇಲೆ ನನಗೆ ಸಿಟ್ಟು ಬಂದಿತ್ತು. ನನ್ನನ್ನು ಕೇಳದೆ ಮಾತು ಕೊಡಲು ಇವರು ಯಾರು ಎಂದು ಕೇಳಿದೆ. ಅಕ್ಕಾರು ಗಡಿಯಾರಕ್ಕೆ ಕೀಲಿ ಕೊಡುತ್ತ, “ನಾಳಿ ಎದ್ದ ಮ್ಯಾಲ ಆಕಿ ಕೇಳ್ತಾಳ್ರಿ. ಆವಾಗ ನಾ ಏನ ಹೇಳ್ಲಿ?” ಎಂದರು.

“ಏಳದಿದ್ರ?”

“ಏಳದಿದ್ರ ಕೇಳಂಗಿಲ್ಲ. ಕೇಳಂಗಿಲ್ಲ ಅಂತ ಮಾಡಬೇಕೇನ್ರಿ?”

ಅವರು ಹಟಕ್ಕೆ ಬಿದ್ದು ರೋಗಿಯನ್ನು ಉಪವಾಸ ಕೆಡವುವವರಾಗಿರಲಿಲ್ಲ. ಸೂರ್ಯ ಹುಟ್ಟಿದ ಕೂಡಲೇ ಒಂದು, ಆಮೇಲೆ ಎರಡೆರಡು ತಾಸಿಗೆ ಒಂದೊಂದು, ಹೊತ್ತು ಮುಳುಗುವ ಮೊದಲು ಕೊನೆಯದು. ದಿನಕ್ಕೆ ಹೋಗಬೇಕಾದಷ್ಟೂ ಹೋಗುತ್ತಿತ್ತು. ಪ್ರತಿ ಸಲ ತಲೆಯ ಕೆಳಗೆ ದಿಂಬು ಏರಿಸಿ, ನಳಿ ಹೊಟ್ಟೆಯಲ್ಲೇ ಇದೆಯೋ ಎಂದು ಪರೀಕ್ಷಿಸಿ, “ಹಾಲು ಬಂತು ತಂಗಿ, ಇನ್ನ ಬಿಸಲೈತಿ, ಕುಡಿ” ಎಂದು ಹೇಳಿ ಸಣ್ಣಗೆ ಬಿಡುತ್ತಿದ್ದರು. ಕುಡಿಸಿದ ಮೇಲೆ ಅರ್ಧ ತಾಸು ತಲೆ ಇಳಿಸುತ್ತಿರಲಿಲ್ಲ. ರಾತ್ರಿ ಸಲೈನ್ ಹಚ್ಚಿದರೆ ವ್ರತ ಮುರಿಯುತ್ತದೆಯೇ ಎಂದು ಆಯಿ ಕೇಳಿದ್ದರು. ಅದು ನರದಲ್ಲಿ ಹೋಗುತ್ತದೆ, ನಾಲಿಗೆಗೂ ಇಲ್ಲ ಹೊಟ್ಟೆಗೂ ಇಲ್ಲ ಎಂದು ಅಕ್ಕಾರು ವಾದಿಸಿದರು. ಮುನಿಗಳ ಮುಂದೆ ಆ ವಾದ ನಿಲ್ಲುತ್ತಿತ್ತೋ ಇಲ್ಲವೋ, ಮೂರನೇ ಕೋಣೆಯಲ್ಲಿ ಗೆದ್ದಿತು.

ಹೀಗೆ ಎರಡು ವಾರ ನಡೆಯಿತು. ಆಮೇಲೆ ರಾಯಬಾಗದಲ್ಲಿ ತಮ್ಮನ ಮಗಳ ಮದುವೆಗೆಂದು ಅಕ್ಕಾರು ಮೂರು ದಿನ ರಜೆ ಹಾಕಿದರು. ಅದೇ ಹೊತ್ತಿಗೆ ಆಯಿಯೂ ಊರಿಗೆ ಹೋಗಿದ್ದರು. ಗಂಡ ಹಗಲು ಬಂದು ಸಂಜೆ ಹೋಗುತ್ತಿದ್ದ. ನಾನು ಸೊಸೆಯ ತೋಳು ನೋಡಿದೆ. ತೆಳ್ಳಗಾಗಿತ್ತು. ಪ್ರಜ್ಞೆ ಇಲ್ಲದೆ ಮಲಗಿದವರೆಲ್ಲ ತೆಳ್ಳಗಾಗುತ್ತಾರೆ. ಆದರೆ ನನಗೆ ಆಗ ಕಂಡದ್ದು, ಹನ್ನೆರಡು ತಾಸು ಖಾಲಿ ಹೊಟ್ಟೆ. ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಅಕ್ಕಾರು ಇಲ್ಲದಾಗ ಈ ಆಸ್ಪತ್ರೆಯಲ್ಲಿ ಡಾಕ್ಟರ್ ಯಾರು ಎಂದು ನನಗೆ ನಾನೇ ತೋರಿಸಿಕೊಳ್ಳಬೇಕಿತ್ತು. ರಾತ್ರಿ ಎಂಟಕ್ಕೆ ಮತ್ತು ಹನ್ನೊಂದಕ್ಕೆ ಹಾಲು ಎಂದು ಬರೆದು ಸಹಿ ಹಾಕಿ ಮನೆಗೆ ಹೋದೆ.

ಆ ಪಾಳಿಗೆ ಬಂದವಳು ಹೊಸ ನರ್ಸ್. ಬರೆದದ್ದನ್ನು ಮಾಡಿದಳು, ಬರೆಯದ್ದನ್ನು ಮಾಡಲಿಲ್ಲ. ತಲೆ ಎತ್ತರಿಸಿ ಕುಡಿಸು ಎಂದು ನಾನು ಬರೆದಿರಲಿಲ್ಲ. ಎರಡನೆಯ ರಾತ್ರಿ ಅಂಗಾತ ಮಲಗಿದ್ದವಳಿಗೆ ಹಾಲು ಬಿಟ್ಟಾಗ ಅದು ಮೇಲಕ್ಕೆ ಬಂದು ಉಸಿರಿನ ನಾಳಕ್ಕೆ ಇಳಿದಿದೆ. ಬೆಳಿಗ್ಗೆ ನಾನು ಬರುವಷ್ಟರಲ್ಲಿ ಜ್ವರ ಕೆಂಡದಂತಿತ್ತು, ಬಲಗಡೆಯ ಶ್ವಾಸಕೋಶದಲ್ಲಿ ಗೊರಗೊರ ಸದ್ದು. ಮನೆಯವರಿಗೆ, ಎದೆಯಲ್ಲಿ ಕಫ ಕಟ್ಟಿದೆ, ಇಂಥ ರೋಗಿಗಳಿಗೆ ಹೀಗಾಗುತ್ತದೆ ಎಂದು ಹೇಳಿದೆ. ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ.

ಮರುದಿನ ಅಕ್ಕಾರು ಬಂದರು. ಕೈಯಲ್ಲಿ ಮದುವೆಯ ಬುಂದೆ ಉಂಡಿಯ ಪೊಟ್ಟಣವಿತ್ತು. ಮೂರನೇ ಕೋಣೆಗೆ ಹೋದವರು ಕೇಸ್ ಪೇಪರ್ ಹಿಡಿದುಕೊಂಡು ನನ್ನ ಕೋಣೆಗೆ ಬಂದು, ಅದನ್ನು ಮೇಜಿನ ಮೇಲೆ ಇಟ್ಟರು.

“ಇದು ನಿಮ್ಮ ಅಕ್ಷರ ಏನ್ರಿ?”

“ಹೌದು.”

“ಆಕಿಗಿ ಹೇಳ್ರಿ.”

“ಯಾರಿಗಿ? ಆಯಿಗೇನು?”

“ಆಯಿಗಿ ಹೇಳೂದು ಬಿಡೂದು ಆಮ್ಯಾಲ. ಮೊದಲ ಆಕಿಗಿ. ಹಿಂಗ ಮಾಡೀನಿ, ನಂದು ತಪ್ಪಾತು ಅಂತ.”

ನಾನು ನಕ್ಕೆ. ಅಂಜಿದಾಗ ನನಗೆ ನಗು ಬರುತ್ತದೆ. “ಅಕ್ಕಾರ, ಆಕಿಗಿ ಏನ ತಿಳೀತೈತ್ರಿ?” ಎಂದೆ.

“ತಿಳಿಯಂಗಿಲ್ಲ ಅಂದ್ರ ಹೇಳಾಕ ನಿಮಗ್ಯಾಕ ಇಷ್ಟು ನಾಚಿಕಿ?”

ಅವರು ಹೋದರು. ಉಂಡಿಯ ಪೊಟ್ಟಣ ಮೇಜಿನ ಮೇಲೆಯೇ ಉಳಿಯಿತು.

ಆಮೇಲಿನ ಹತ್ತು ದಿನ ಆಕೆ ಉಳಿದದ್ದು ನನ್ನ ಇಂಜೆಕ್ಷನ್‌ನಿಂದ ಎಷ್ಟೋ, ಅಕ್ಕಾರ ಕೈಯಿಂದ ಎಷ್ಟೋ ಹೇಳಲಾರೆ. ಅಂಗೈ ಬಟ್ಟಲು ಮಾಡಿ ಬೆನ್ನಿನ ಮೇಲೆ ತಟ್ಟಿ ತಟ್ಟಿ ಕಫ ಸಡಿಲಿಸುವುದು, ಮಗ್ಗುಲಾಗಿಸಿ ತಲೆ ಇಳಿಸುವುದು, ಬಾಯಿಗೆ ಬಂದದ್ದನ್ನು ಒರೆಸುವುದು, ಮತ್ತೆ ತಟ್ಟುವುದು. ಅವರು ಮನೆಗೆ ಹೋದದ್ದನ್ನು ನಾನು ನೋಡಲಿಲ್ಲ. ಆಯಿ ಭೋಜದಿಂದ ಬಂದು ಸೊಸೆಯ ಕಾಲ ಬದಿಗೆ ಕೂತು ಬಾಯಲ್ಲಿ ಮಂತ್ರ ಹೇಳಿಕೊಳ್ಳುತ್ತಿದ್ದರು. ಒಮ್ಮೆ ನನ್ನತ್ತ ನೋಡಿ, “ಅಕ್ಕಾರು ಇದ್ದದ್ದಕ್ಕ ನಮ್ಮ ಸೊಸಿ ಉಳದಾಳ” ಎಂದರು. ಹೌದೆಂದು ತಲೆಯಾಡಿಸಿದೆ. ನನಗೆ ಆಗ ಅಕ್ಕಾರ ಮೇಲೆ ಸಿಟ್ಟೇ ಇತ್ತು. ತಪ್ಪು ಮಾಡಿದವನಿಗೆ, ಅದನ್ನು ನೋಡಿದವರ ಮೇಲೆ ಬರುವ ಸಿಟ್ಟು ಅದು.

ಹತ್ತು ಸಲ ಮೂರನೇ ಕೋಣೆಗೆ ಹೋಗಿರಬೇಕು, ಹೇಳಿಬಿಡೋಣ ಎಂದು. ಹಾಸಿಗೆಯ ಬದಿಗೆ ನಿಲ್ಲುತ್ತಿದ್ದೆ. ಒಮ್ಮೆ ಗಂಡ ಇರುತ್ತಿದ್ದ, ಒಮ್ಮೆ ಕಸ ಹೊಡೆಯುವವಳು. ಒಂದು ಮಧ್ಯಾಹ್ನ ಯಾರೂ ಇರಲಿಲ್ಲ. “ನೋಡ್ರಿ...” ಎಂದೆ. ನಾಡಿ ನೋಡಿ ಹೊರಗೆ ಬಂದೆ.

ಏಳನೆಯ ವಾರದಲ್ಲಿ ಸೊಸೆ ಕಣ್ಣು ತೆರೆದಳು. ಕಣ್ಣು ತೆರೆದದ್ದೆಲ್ಲ ಎಚ್ಚರವಲ್ಲ ಎಂದು ನಾನು ಮನೆಯವರಿಗೆ ಎಚ್ಚರಿಕೆ ಹೇಳಿದೆ. ಎಷ್ಟೋ ಜನ ಬರಿದೇ ಕಣ್ಣು ತೆರೆದುಕೊಂಡು ವರ್ಷಗಟ್ಟಲೆ ಮಲಗುತ್ತಾರೆ. “ನಾ ಈ ಕಡಿಂದ ಆ ಕಡೆ ಹೋದ್ರ ನನ್ನ ಹಿಂದ ನೋಡತಾಳ್ರಿ” ಎಂದು ಅಕ್ಕಾರು ಹೇಳಿದರೂ ನಾನು ನಂಬಲಿಲ್ಲ. ನಾನು ಹೋದಾಗ ಆಕೆ ನೋಡುತ್ತಿರಲಿಲ್ಲ. ಅಕ್ಕಾರು ಹೋದಾಗ ನೋಡುತ್ತಿದ್ದಳು. ವಾರದ ಮೇಲೆ ಹೇಳಿದಾಗ ಬೆರಳು ಒತ್ತಿದಳು. ಆಮೇಲೆ ತುಟಿ ಅಲುಗಿತು, ಆಮೇಲೆ ತೊದಲು ಮಾತು, ಗಂಡನನ್ನು ಗುರುತಿಸಿದ್ದು, ಚಮಚದಿಂದ ಗಂಜಿ ನುಂಗಿದ್ದು. ಬಲಗೈ ಮಾತ್ರ ಪೂರ್ತಿ ಸ್ವಾಧೀನಕ್ಕೆ ತಿರುಗಲಿಲ್ಲ. ಮಳೆಗಾಲದ ನಡುವೆ ಒಂದು ದಿನ ಗಂಡನ ತೋಳು ಹಿಡಿದು ನಡೆದು ಜೀಪು ಹತ್ತಿದಳು. ಇಡೀ ಆಸ್ಪತ್ರೆ ಬಾಗಿಲಿಗೆ ಬಂದಿತ್ತು. ನಾನು ಆ ಕೋಣೆಯಿಂದ ನಡೆದು ಹೋದವರನ್ನು ನೋಡಿದ್ದು ಕಡಿಮೆ. ಸಂತೋಷವಾಯಿತು, ಸುಳ್ಳಲ್ಲ. ಬಿಡುಗಡೆಯಾದಂತೆಯೂ ಆಯಿತು.

ಆ ವರ್ಷ ಭಾದ್ರಪದದಲ್ಲಿ ಆಕೆ ಮತ್ತೆ ಬಂದಳು. ಜೈನರು ಹತ್ತು ದಿನದ ಪರ್ವ ಮುಗಿದ ಮೇಲೆ ಒಬ್ಬರಿಗೊಬ್ಬರು ಕ್ಷಮೆ ಕೇಳುವ ದಿನವೊಂದು ಇರುತ್ತದೆ. ಮನೆಯವರು, ನೆರೆಯವರು, ಆಳುಗಳು, ಅಂಗಡಿಯವರು, ಎಲ್ಲರ ಮುಂದೆಯೂ ಕೈ ಮುಗಿಯುತ್ತಾರೆ. ಆಕೆ ಕೋಲು ಊರಿಕೊಂಡು ನನ್ನ ಕೋಣೆಗೆ ಬಂದು, ತಿರುಗದ ಬಲಗೈಯನ್ನು ಎಡಗೈಯಿಂದ ಎತ್ತಿ ಜೋಡಿಸಿ, “ಉತ್ತಮ ಕ್ಷಮಾ ರೀ ಡಾಕ್ಟರ. ತಿಳದೋ ತಿಳೀದನೋ ನನ್ನಿಂದ ನಿಮಗೇನರ ತ್ರಾಸ ಆಗಿದ್ರ ಕ್ಷಮಾ ಮಾಡ್ರಿ” ಎಂದಳು. ಹೇಳುವುದಿದ್ದರೆ ಅದಕ್ಕಿಂತ ಒಳ್ಳೆಯ ದಿನ ಯಾವುದಿತ್ತು? “ಛೇ ಛೇ, ನಿಮ್ಮಿಂದೇನು ತ್ರಾಸ್ರಿ” ಎಂದು ಕುರ್ಚಿ ತೋರಿಸಿದೆ. ಹೇಳಿದರೆ ಗುಣವಾದವಳಿಗೆ ಸುಮ್ಮನೆ ನೋವು ಎಂದು ಒಳಗೇ ಒಂದು ಕಾರಣ ಕಟ್ಟಿಕೊಂಡಿದ್ದೆ. ಸಭ್ಯ ಅಂಜುಬುರುಕರಿಗೆ ಇದು ಬಹಳ ಒದಗುವ ಕಾರಣ.

ಹೊರಗೆ ಹೋಗುವಾಗ ಆಕೆ ಅಕ್ಕಾರನ್ನು ದಾಟಿ ಹೋದಳು. ಮಾತಾಡಿಸಲಿಲ್ಲ, ಕೈಯೂ ಮುಗಿಯಲಿಲ್ಲ. ಮರುವರ್ಷವೂ ಬಂದಳು, ಮರುವರ್ಷವೂ ಹಾಗೆಯೇ ಆಯಿತು. ಗುಣವಾದವರು ತಮ್ಮ ಹೇಲು ಉಚ್ಚೆ ಬಳಿದು ತೆಗೆದವರನ್ನು ನೋಡಲು ಇಷ್ಟಪಡುವುದಿಲ್ಲ, ಅದನ್ನು ನಾನು ಬೇರೆಡೆಯೂ ಕಂಡಿದ್ದೆ. “ನೋಡ್ರಿ ಅಕ್ಕಾರ, ಅಷ್ಟು ಮಾಡಿದ್ರಿ, ಮಾರಿ ತಿರುವಿಕೊಂಡು ಹೋದ್ಲು” ಎಂದು ನಾನೇ ಅವರ ಪರ ಬೇಜಾರು ಮಾಡಿಕೊಂಡೆ. “ಇರಲಿ ಬಿಡ್ರಿ, ಆಕಿ ಮನಸ ಆಕೀದು” ಎಂದು ಅಕ್ಕಾರು ಬಶಿಯ ಚಹಾ ಕುಡಿದು ಎದ್ದರು. ಮೂರನೆಯ ವರ್ಷ ಮಾತ್ರ ಕಿಟಕಿಯಿಂದ ನೋಡುತ್ತೇನೆ, ಬೇವಿನ ಗಿಡದ ಕೆಳಗೆ ಇಬ್ಬರೂ ನಿಂತಿದ್ದರು. ಆಕೆ ಏನೋ ಹೇಳುತ್ತಿದ್ದಳು, ಅಕ್ಕಾರು ಆಕೆಯ ತಿರುಗದ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಅಂತೂ ಬುದ್ಧಿ ಬಂತು ಎಂದುಕೊಂಡೆ.

ಕೇಸ್ ಪೇಪರಿನ ವಿಷಯವನ್ನು ಅಕ್ಕಾರು ಮತ್ತೆಂದೂ ಎತ್ತಲಿಲ್ಲ. ನನ್ನೊಂದಿಗೆ ಮೊದಲಿನ ಹಾಗೆಯೇ ಇದ್ದರು, ಬೈಯುವುದಿದ್ದಲ್ಲಿ ಬೈದರು, ನಗುವುದಿದ್ದಲ್ಲಿ ನಕ್ಕರು. ತೊಂಬತ್ತರ ದಶಕದ ನಡುವೆ ಕಣ್ಣು ಮಂಜಾಗಿ ಕೆಲಸ ಬಿಟ್ಟರು. ಹೋಗುವ ದಿನ ಹೊಸ ನರ್ಸುಗಳನ್ನು ಮೂರನೇ ಕೋಣೆಯಲ್ಲಿ ನಿಲ್ಲಿಸಿ, ಅಂಗಾಲಿಗೆ ಮರಳಿನ ಚೀಲ ಹೇಗೆ ಆನಿಸಬೇಕು ಎಂದು ಇನ್ನೊಮ್ಮೆ ತೋರಿಸಿ, ಮಧ್ಯಾಹ್ನದ ಬಸ್ಸಿಗೆ ರಾಯಬಾಗಕ್ಕೆ ಹೋದರು. ಹಾರ ತರಿಸಿದ್ದೆವು. ಹಾರ ಹಾಕಿಸಿಕೊಳ್ಳಲು ಅವರು ಇರಲಿಲ್ಲ.

ಕೆಲಸ ಬಿಟ್ಟ ಹತ್ತನೆಯ ವರ್ಷ, ಈ ಬೇಸಿಗೆಯಲ್ಲಿ, ಅಕ್ಕಾರು ತೀರಿಕೊಂಡರು. ಎರಡು ದಿನದ ಜ್ವರವಂತೆ. ತಮ್ಮನ ಮಗ ಆಸ್ಪತ್ರೆಗೆ ಫೋನ್ ಮಾಡಿ ಹೇಳಿದ. ಕೇಳಿದಾಗ ನನಗೆ ಅಳು ಬರಲಿಲ್ಲ. ಬಂದದ್ದು ಒಂದು ಯೋಚನೆ. ನಾನು ಮಾಡಿದ್ದು ತಪ್ಪೆಂದು ಬಲ್ಲವರು ಈಗ ಯಾರೂ ಉಳಿಯಲಿಲ್ಲ, ಇನ್ನು ಹೇಳಬೇಕಾಗಿಲ್ಲ. ಆ ಯೋಚನೆ ಬಂದದ್ದಕ್ಕೆ ನನಗೆ ಅಸಹ್ಯವಾಯಿತು. ಮರುದಿನವೇ ಭೋಜಕ್ಕೆ ಹೋದೆ.

ಆಯಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಸೊಸೆ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಹೆಸರುಕಾಳು ಹರವಿಕೊಂಡು ಎಡಗೈಯಿಂದ ಆರಿಸುತ್ತಿದ್ದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಅಕ್ಕಾರು ಹೋದರು ಎಂದೆ. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅಳು ನಿಲ್ಲುವವರೆಗೆ ಕಾದು, ನಾನು ಹೇಳಬೇಕಾದದ್ದನ್ನು ಹೇಳತೊಡಗಿದೆ. ನೀವು ಮಲಗಿದ್ದಾಗ ಎರಡು ರಾತ್ರಿ ನಳಿಯಲ್ಲಿ ಹಾಲು ಹಾಕಿದ್ದೆವು, ನಿಮ್ಮ ವ್ರತ ಗೊತ್ತಿದ್ದೂ ಹಾಕಿದ್ದೆವು ಎಂದೆ.

“ಗೊತ್ತೈತ್ರಿ” ಎಂದಳು.

ಯಾರು ಹೇಳಿದರು ಎಂದು ಕೇಳಿದೆ.

“ಮಾತು ಬಂದ ಮ್ಯಾಲ ನಾನ ಕೇಳಿದ್ದೆ. ‘ಅಕ್ಕಾರ, ರಾತ್ರಿ ನನ್ನ ಹೊಟ್ಟಿಗಿ ಏನರ ಹೋಗೇತೇನು?’ ಅಂತ. ಕೈ ಮುಗದ್ರು. ‘ಎರಡು ರಾತ್ರಿ ಹೋಗೇತಿ ತಂಗಿ. ನಿಮ್ಮ ಅತ್ತಿಗಿ ಮಾತ ಕೊಟ್ಟಾಕಿ ನಾ. ನನ್ನ ಮಾತು ತಪ್ಪೇತಿ, ಕ್ಷಮಾ ಮಾಡು’ ಅಂದ್ರು. ಅತ್ತಿಗಿ ನಾ ಹೇಳಲಿಲ್ರಿ. ಅವರು ಅಕ್ಕಾರನ್ನ ದೇವರಂಗ ತಿಳಕೊಂಡಿದ್ರು. ಮುನಿಗಳ ಕಡೆ ಹೋಗಿ ಪ್ರಾಯಶ್ಚಿತ್ತ ತಗೊಂಡೆ. ಆದ್ರ ಸಿಟ್ಟು ಹೋಗಲಿಲ್ಲ. ಮಾತ ಕೊಟ್ಟು ಹಿಂಗ ಮಾಡಿದ್ರಲ್ಲ ಅಂತ.”

“ಯಾರು ಹಾಕಿಸಿದ್ರು ಅಂತ ಹೇಳಲಿಲ್ಲೇನ್ರಿ?”

“ನಾ ಕೇಳಲಿಲ್ಲ. ಅವರೂ ಹೇಳಲಿಲ್ಲ.”

ಹೇಳಿದೆ. ಅಕ್ಕಾರು ಆ ಮೂರು ದಿನ ಊರಲ್ಲೇ ಇರಲಿಲ್ಲ, ಮದುವೆಗೆ ರಾಯಬಾಗಕ್ಕೆ ಹೋಗಿದ್ದರು. ಬರೆದವನು ನಾನು, ಸಹಿ ನನ್ನದು. ಅವರು ಬಂದು ನೋಡಿ, ನಿಮಗೆ ಹೇಳು ಎಂದು ನನಗೆ ಹೇಳಿದ್ದರು. ನಾನು ಇಷ್ಟು ವರ್ಷ ಹೇಳಲಿಲ್ಲ. ಇಷ್ಟನ್ನು ಹೇಳಲು ಮೂರು ನಿಮಿಷವೂ ಹಿಡಿಯಲಿಲ್ಲ.

ಆಕೆ ಮೊರವನ್ನು ಬದಿಗೆ ಸರಿಸಿದಳು. ನನ್ನ ಮೇಲೆ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ, ಅದಕ್ಕೆ ತಯಾರಾಗಿಯೇ ಹೋಗಿದ್ದೆ. ಆಕೆ ನನ್ನನ್ನು ನೋಡುತ್ತಲೇ ಇರಲಿಲ್ಲ.

“ಎರಡು ವರ್ಷ ಅವರ ಮಾರಿ ನೋಡಲಿಲ್ರಿ ನಾ. ಊರಮಂದಿಗೆಲ್ಲಾ ಕೈ ಮುಗದು ಕ್ಷಮಾ ಕೇಳೂ ದಿವಸ ಅವರನ್ನ ದಾಟಿ ಹೋಗತಿದ್ದೆ. ಮೂರನೇ ವರ್ಷ ಹೋಗಿ, ‘ನಿಮ್ಮನ್ನ ಕ್ಷಮಾ ಮಾಡೀನ್ರಿ ಅಕ್ಕಾರ’ ಅಂದೆ. ದೊಡ್ಡಾಕಿ ಆಗಿ ಅಂದೆ. ‘ದೊಡ್ಡ ಮನಸ ನಿಂದು ತಂಗಿ’ ಅಂತ ನನ್ನ ಕೈ ಹಿಡಕೊಂಡ್ರು.”

ಆಮೇಲೆ ತಲೆ ಎತ್ತಿ ನನ್ನನ್ನೇ ಕೇಳಿದಳು.

“ನೀವು ಹ್ವಾದ ವರ್ಷ ಬಂದು ಹೇಳಿದ್ರ ಅವರು ಇದ್ರಲ್ರಿ. ಇನ್ನ ನಾ ಯಾರ ಕಡೆ ಹೋಗಿ ಕ್ಷಮಾ ಕೇಳ್ಲಿ, ಡಾಕ್ಟರ?”

ನಾನು ಕ್ಷಮೆ ಕೇಳಬೇಕೆಂದು ಅಷ್ಟು ದೂರ ಹೋಗಿದ್ದೆ. ಕೇಳದೆ ಎದ್ದು ಬಂದೆ.